ನೋವಿನ ಚೌಕಾಸಿ

ನನ್ನ ಅತ್ತೆ ಯಾವ ಪ್ರಶ್ನೆಗೂ ಮೊದಲ ಸಲಕ್ಕೇ ನಿಜವಾದ ಸಂಖ್ಯೆ ಹೇಳಿದವರಲ್ಲ. ವಯಸ್ಸು ಕೇಳಿದರೂ ಅಷ್ಟೆ, ಊಟಕ್ಕೆ ಎಷ್ಟು ಜನ ಎಂದು ಕೇಳಿದರೂ ಅಷ್ಟೆ. ಹಳೆಯ ಮೇಜು, ಕುರ್ಚಿ, ಕಪಾಟುಗಳನ್ನು ಕೊಂಡು, ಉಜ್ಜಿ, ಪಾಲಿಶ್ ಹಾಕಿ ಮಾರುವ ಅಂಗಡಿ ಅವರದು. ನಾನು ಮದುವೆಯಾಗಿ ಬಂದ ಹೊಸತರಲ್ಲಿ, ಒಂದು ಕಾಲು ಅಲ್ಲಾಡುವ ಸ್ಟೂಲಿನ ಮೇಲೆ ನನ್ನನ್ನು ಕೂರಿಸಿ ಪಾಠ ಶುರುಮಾಡಿದ್ದರು.

"ಕೊಳ್ಳುವಾಗ ಮೊದಲ ಮಾತು ಕೆಳಗಿರ್ಬೇಕು. ಮಾರುವಾಗ ಮೇಲಿರ್ಬೇಕು. ಮುಖದಲ್ಲಿ ಮಾತ್ರ ಏನೂ ಇರ್ಬಾರದು."

ಅಷ್ಟರಲ್ಲಿ ಸ್ಟೂಲು ಮಗುಚಿ ನಾನು ದೊಪ್ಪನೆ ಬಿದ್ದೆ. ಎಬ್ಬಿಸುವುದಿರಲಿ, ಅತ್ತೆ ನನ್ನ ಮುಖವನ್ನೇ ನೋಡುತ್ತಾ, "ಬಿದ್ದಾಗ್ಲೂ ಹಾಗೇ ಇರ್ಬೇಕು" ಎಂದರು.

ಇಂಥ ಹೆಂಗಸನ್ನು ಎದುರಿಗೆ ಕೂರಿಸಿಕೊಂಡು ಡಾಕ್ಟರು ಕೇಳಿದರು: "ಸೊನ್ನೆಯಿಂದ ಹತ್ತರವರೆಗೆ ಲೆಕ್ಕ ಇಟ್ಕೊಂಡ್ರೆ, ನೋವು ಎಷ್ಟಿದೆ ಅಮ್ಮಾ?"

ಅತ್ತೆ ಡಾಕ್ಟರನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದರು. ತುಟಿ ಸೊಟ್ಟ ಮಾಡಿದರು. "ಮೂರು" ಎಂದರು.

ಅವರ ಮೂಳೆಗಳಿಗೆಲ್ಲ ಕಾಯಿಲೆ ಹರಡಿತ್ತು. ವಾಸಿ ಮಾಡುವವರೆಲ್ಲ ಕೈ ತೊಳೆದುಕೊಂಡಾಗಿತ್ತು. ಇನ್ನು ಆಗಬೇಕಾದ್ದು ಒಂದೇ ಕೆಲಸ, ನೋವನ್ನು ಹಿಡಿದು ಕೂರಿಸುವುದು. ಅದನ್ನು ಮಾಡಬಲ್ಲ ಮಾರ್ಫಿನ್ ಸಿರಪ್ಪು ನಮ್ಮ ಇಡೀ ನಗರದಲ್ಲಿ ಒಂದೇ ಆಸ್ಪತ್ರೆಯಲ್ಲಿ ಸಿಗುತ್ತಿತ್ತು. ಬರೆದುಕೊಡುವ ಅಪ್ಪಣೆ ಇದ್ದದ್ದು ಈ ಒಬ್ಬ ಡಾಕ್ಟರಿಗೆ. ರೋಗಿ ತನ್ನ ಬಾಯಿಂದಲೇ ಏಳು ಅಥವಾ ಅದಕ್ಕಿಂತ ಹೆಚ್ಚು ಅನ್ನದೆ ಅವರು ಬರೆಯುವಂತಿರಲಿಲ್ಲ.

"ಡಾಕ್ಟ್ರೇ, ಇವರು ಚೌಕಾಸಿ ಮಾಡ್ತಿದಾರೆ" ಎಂದೆ.

ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ಅವರು ನಕ್ಕರು. ತಲೆನೋವಿಗೆ ನುಂಗುವಂಥ ಮಾತ್ರೆ ಬರೆದುಕೊಟ್ಟು ಕಳಿಸಿದರು. ದಾರಿಯುದ್ದಕ್ಕೂ ಅತ್ತೆಯ ಮುಖ ಊದಿಕೊಂಡಿತ್ತು.

"'ಮೂರಾ? ಸಾಧ್ಯನೇ ಇಲ್ಲ' ಅನ್ಬೇಕಿತ್ತು ಆ ಮನುಷ್ಯ. ನಾನು ನಾಲ್ಕು ಅಂತಿದ್ದೆ. ಹಾಗೇ ಮೇಲೆ ಹೋಗ್ತಿದ್ವಿ. ವ್ಯಾಪಾರನೇ ಗೊತ್ತಿಲ್ಲ ಅವನಿಗೆ."

ಆ ಸಂಜೆ ಚಿಕ್ಕತ್ತೆಯ ಫೋನು ಬಂತು. ಚಿಕ್ಕತ್ತೆ ಎಂದರೆ ನಮ್ಮ ಅತ್ತೆಯ ತಮ್ಮನ ಹೆಂಡತಿ. ಬೇರೆ ದೇಶದಲ್ಲಿ ನೆಲೆಸಿದವರು. ಆ ತಮ್ಮನೂ ಇದೇ ಕಾಯಿಲೆಯಿಂದ ಹಿಂದಿನ ವರ್ಷ ಅಲ್ಲೇ ತೀರಿಕೊಂಡಿದ್ದರು.

"ಇಲ್ಲಿ ನರ್ಸ್ ಮನೆಗೇ ಬರ್ತಿದ್ಲು ಅತ್ತಿಗೆ" ಎಂದರು ಚಿಕ್ಕತ್ತೆ. "ಸಿರಪ್ಪು ಅವಳ ಬ್ಯಾಗಲ್ಲೇ ಇರ್ತಿತ್ತು. ಮಂಚ ಯಾವ ಕಡೆ ತಿರುಗಿಸ್ಲಿ, ಕಿಟಕಿ ಕಾಣ್ಬೇಕಾ ಅಂತ ಬೇರೆ ಕೇಳಿದ್ಲು."

"ಚಿಕ್ಕಂದಿನಿಂದ ಅವನಿಗೆ ಕಿಟಕಿ ಪಕ್ಕದ ಜಾಗಾನೇ ಆಗ್ಬೇಕು" ಎಂದು ಅತ್ತೆ ಮೂಗು ಮುರಿದರು. ಆಮೇಲೆ ಮೆಲ್ಲಗೆ ಕೇಳಿದರು: "ನೋವು ಎಷ್ಟು ಅಂತಿದ್ದ ಅವನು?"

"ಅವರು ಏನಾದ್ರೂ ಅನ್ಲಿ, ಅವಳು ಮುಖ ನೋಡೋಳು."

ಅತ್ತೆ ಫೋನನ್ನು ನನ್ನ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿದರು. ನನಗೆ ಮೈಯೆಲ್ಲ ಉರಿಯಿತು. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಕಾಯಿಲೆ. ನಡುವೆ ಒಂದು ಗಡಿ ಇದೆ ಎಂಬ ಕಾರಣಕ್ಕೆ ತಮ್ಮನಿಗೆ ಔಷಧಿ ಮಂಚದ ಬಳಿಗೇ ಬಂತು, ಅಕ್ಕ ಮಾತ್ರ ನಗರ ಸುತ್ತಿ ಹೋಗಿ ಲೆಕ್ಕದ ಪರೀಕ್ಷೆಯಲ್ಲಿ ನಪಾಸಾಗಿ ಬರಬೇಕು.

ಅಂಗಡಿಯಲ್ಲಿ ಅತ್ತೆಗೆಂದೇ ಕೈಗಳಿರುವ ಒಂದು ಕುರ್ಚಿ ಇದೆ, ಮಾರಾಟಕ್ಕಿಲ್ಲ. ಅದರ ಎಡಗೈಯ ಪಾಲಿಶ್ ಈಚೆಗೆ ಕಿತ್ತು ಬರತೊಡಗಿತ್ತು. ಕೇಳಿದರೆ, "ಗೆದ್ದಲು" ಎಂದು ಅತ್ತೆ ಮಾತು ಮುಗಿಸುತ್ತಿದ್ದರು. ಉಗುರಿರುವ ಗೆದ್ದಲನ್ನು ನಾನಂತೂ ಕಂಡಿಲ್ಲ. ನನ್ನ ಗಂಡ, ಅಂದರೆ ಅವರ ಒಬ್ಬನೇ ಮಗ, ಬೆಳಿಗ್ಗೆ ಎದ್ದು ಮಾತಿಲ್ಲದೆ ಅದಕ್ಕೆ ಮತ್ತೆ ಪಾಲಿಶ್ ಹಾಕುತ್ತಿದ್ದ. ಸಂಜೆಯೊಳಗೆ ಅದು ಮತ್ತೆ ಹೋಗಿರುತ್ತಿತ್ತು.

"ಮುಂದಿನ ಸಲ ಒಂಬತ್ತು ಅನ್ನಿ ಅತ್ತೆ" ಎಂದು ಗೋಗರೆದೆ.

"ಒಂಬತ್ತು ಅಂದ್ಬಿಟ್ರೆ, ಆಮೇಲೆ ಇನ್ನೂ ಜಾಸ್ತಿ ಆದಾಗ ಏನು ಹೇಳ್ಲಿ? ಒಂದೇ ಒಂದು ಉಳಿಯುತ್ತೆ. ಕೈಯಲ್ಲಿ ಸ್ವಲ್ಪ ಇಟ್ಕೊಂಡಿರ್ಬೇಕು ಕಣೇ."

ಅವರು ಇದನ್ನು ನಗದೆ ಹೇಳಿದರು. ಅಷ್ಟು ದಿನ ಅಭ್ಯಾಸಬಲ ಎಂದುಕೊಂಡಿದ್ದೆ. ಅವರಿಗೆ ಭಯ. ನನ್ನ ಅತ್ತೆಗೂ ಭಯವಾಗುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅಳು ಒತ್ತರಿಸಿ ಬಂದು, ದೊಡ್ಡ ಬಟ್ಟೆ ಕಪಾಟಿನ ಹಿಂದೆ ಮುಖ ಮರೆಸಿಕೊಳ್ಳೋಣ ಎಂದು ಹೋದರೆ ಆ ಜಾಗ ಆಗಲೇ ಗಂಡನ ಪಾಲಾಗಿತ್ತು. ಇಬ್ಬರೂ ಇಕ್ಕಟ್ಟಿನಲ್ಲಿ ನಿಂತು ಅತ್ತೆವು.

"ಕಪಾಟು ಒರೆಸ್ತಿದೀರೋ, ಅಳ್ತಿದೀರೋ?" ಆಚೆಯಿಂದ ಅತ್ತೆಯ ದನಿ ಬಂತು. "ಅಳೋದಾದ್ರೆ ದೂರ ನಿಂತ್ಕೊಳ್ಳಿ, ಅದಕ್ಕೆ ಹೊಸ ಪಾಲಿಶ್ ಹಾಕಿದೆ."

ಎರಡನೇ ಸಲ ಆಸ್ಪತ್ರೆಗೆ ಅವರನ್ನು ಅಂಗಡಿಯ ವ್ಯಾನಿನಲ್ಲೇ ಕರೆದೊಯ್ದೆವು, ಅದೇ ಕುರ್ಚಿಯಲ್ಲಿ ಕೂರಿಸಿ, ಕುರ್ಚಿಗೆ ಹಗ್ಗ ಬಿಗಿದು. ಗುಂಡಿ ಬಂದಾಗಲೆಲ್ಲ ಅವರು ಕಣ್ಣು ಮುಚ್ಚುತ್ತಿದ್ದರು. ಗಂಡ ವ್ಯಾನನ್ನು ಮೊಟ್ಟೆ ಸಾಗಿಸುವವನಂತೆ ಓಡಿಸುತ್ತಿದ್ದ. ಅರ್ಧ ದಾರಿಯಲ್ಲಿ ನನಗೆ ತಟ್ಟನೆ ಹೊಳೆಯಿತು.

"ಅತ್ತೆ, ಇವತ್ತು ನಾವು ಕೊಳ್ಳೋಕೆ ಹೋಗ್ತಿಲ್ಲ. ಮಾರೋಕೆ ಹೋಗ್ತಿದೀವಿ."

"ಏನನ್ನ?"

"ನೋವನ್ನ. ಮನೇಲಿಟ್ಕೊಳ್ಳೋಕೆ ಇನ್ನು ಜಾಗ ಇಲ್ಲ. ಹೇಗಾದ್ರೂ ಮಾಡಿ ಆ ಡಾಕ್ಟ್ರ ತಲೆಗೆ ಕಟ್ಟಿ ಬರ್ಬೇಕು."

ಆಸ್ಪತ್ರೆಯ ಗೇಟು ಕಂಡಾಗ ಅತ್ತೆ ಕೂದಲು ಸರಿಮಾಡಿಕೊಂಡರು. ದೊಡ್ಡ ಗಿರಾಕಿ ಬರುವಾಗ ಮಾತ್ರ ಅವರು ಹಾಗೆ ಮಾಡುವುದು.

ಡಾಕ್ಟರು ಅದೇ ಪ್ರಶ್ನೆ ಕೇಳಿದರು.

"ಹದಿನೈದು" ಎಂದರು ಅತ್ತೆ.

ಡಾಕ್ಟರ ಪೆನ್ನು ನಿಂತಿತು. "ಹತ್ತರವರೆಗೆ ಮಾತ್ರ ಅಮ್ಮಾ."

"ಅದು ನಿಮ್ಮ ಲೆಕ್ಕ. ಮಾಲು ನೋಡಿ ಮಾತಾಡಿ."

ಡಾಕ್ಟರಿಗೆ ನಗು ಬಂತು. ಅವರಿಗೂ ಬೆಳಗಿನಿಂದ ಸಾವಿನ ಮಾತು ಕೇಳಿ ಸಾಕಾಗಿತ್ತೇನೋ. "ಸರಿ, ಆರು ಅಂತ ಇಟ್ಕೊಳ್ಳೋಣ್ವಾ?" ಎಂದರು.

ಆರು ಎಂದರೆ ಸಿರಪ್ಪಿಲ್ಲ, ಮತ್ತೆ ಅದೇ ಮಾತ್ರೆ. ಅತ್ತೆಯಾದರೋ "ಆರಾ!" ಎಂದು ಎದ್ದೇಬಿಟ್ಟರು. ವ್ಯಾಪಾರ ಈ ಹಂತಕ್ಕೆ ಬಂದಾಗ ಎದ್ದು ಹೋಗುವಂತೆ ನಟಿಸುವುದು ಅವರ ಹಳೆಯ ಪಟ್ಟು. ಆದರೆ ಪೂರ್ತಿ ಏಳಲಾಗಲಿಲ್ಲ. ಸೊಂಟದ ಹತ್ತಿರ ಏನೋ ಹಿಡಿದು ಎಳೆದಂತಾಗಿ ಮೇಜನ್ನು ಗಟ್ಟಿಯಾಗಿ ಹಿಡಿದು ನಿಂತರು. ಅಷ್ಟು ವರ್ಷ ಏನನ್ನೂ ಹೊರಗೆ ಬಿಡದಿದ್ದ ಆ ಮುಖದಲ್ಲಿ ಎಲ್ಲವೂ ಕಂಡುಬಿಟ್ಟಿತು. ನಾನು ನೋಡಲಾರದೆ ಹೋದೆ. ಡಾಕ್ಟರು ನೋಡಿದರು. ನಗು ಎಲ್ಲಿ ಹೋಯಿತೋ, ಮೇಜು ಬಳಸಿ ಓಡಿಬಂದು ತಾವೇ ತೋಳು ಹಿಡಿದು ಕೂರಿಸಿದರು.

"ತಪ್ಪಾಯ್ತಮ್ಮ" ಎಂದರು. "ಒಂಬತ್ತು ಅಂತ ಬರ್ಕೊಳ್ಲಾ?"

ಅತ್ತೆಗೆ ಉಸಿರು ಹಿಂದಿರುಗಲು ಸ್ವಲ್ಪ ಹೊತ್ತು ಬೇಕಾಯಿತು. "ಎಂಟೂವರೆ" ಎಂದರು. "ನಿಮ್ಮ ಮುಖ ನೋಡಿ ಬಿಟ್ಕೊಟ್ಟೆ."

ಸಿರಪ್ಪು ಇದ್ದ ಕಬ್ಬಿಣದ ಕಪಾಟಿಗೆ ಎರಡು ಬೀಗ, ಎರಡು ಬೀಗಕ್ಕೆ ಇಬ್ಬರು ಯಜಮಾನರು. ಇಬ್ಬರೂ ಒಟ್ಟಿಗೆ ಬಂದರೆ ಮಾತ್ರ ಬಾಗಿಲು ತೆರೆಯುವುದು. ಒಬ್ಬರಿದ್ದರು, ಇನ್ನೊಬ್ಬರು ಚಹಾ ಕುಡಿಯಲು ಹೋಗಿದ್ದರು. ಆ ಚಹಾ ಎಷ್ಟು ಬಿಸಿಯಿತ್ತೋ ದೇವರೇ ಬಲ್ಲ. ಕಾಯುತ್ತಾ ಕುಳಿತ ಅತ್ತೆ ಕಪಾಟನ್ನೇ ದಿಟ್ಟಿಸಿದರು. "ಇದನ್ನ ಬಿಟ್ಟಿ ಕೊಟ್ರೂ ಅಂಗಡಿಗೆ ಸೇರಿಸಲ್ಲ" ಎಂದರು. ಕೊನೆಗೂ ಬಾಗಿಲು ತೆರೆದು, ಅಂಗೈಯಲ್ಲಿ ಮುಚ್ಚಿಡಬಹುದಾದಷ್ಟು ಚಿಕ್ಕ ಸೀಸೆ ನನ್ನ ಕೈಗೆ ಬಂತು. ಇಷ್ಟಕ್ಕೇ ಇಷ್ಟೆಲ್ಲ ಎಂದು ನನಗೆ ಸಂಕಟವಾಯಿತು.

ಸಿರಪ್ಪು ಕುಡಿದ ಅತ್ತೆ ಎಷ್ಟೋ ವಾರಗಳ ನಂತರ ಗೊರಕೆ ಹೊಡೆದರು. ನನ್ನ ಗಂಡ ಅದನ್ನು ಬಾಗಿಲಲ್ಲಿ ನಿಂತು ಸಂಗೀತ ಕೇಳುವಂತೆ ಕೇಳಿದ. ಮುಂದಿನ ಸೀಸೆಗಳಿಗೆ ಅವರು ಬರಬೇಕಾಗಿಲ್ಲ, ಪ್ರತಿ ಬೆಳಿಗ್ಗೆ ಸಂಖ್ಯೆ ಕೇಳಿ ಫೋನಿನಲ್ಲಿ ತಿಳಿಸಿದರೆ ಸಾಕು ಎಂದು ಡಾಕ್ಟರು ನನಗೆ ಹೇಳಿದ್ದರು. ಅತ್ತೆಯ ಮಂಚವನ್ನು ಅಂಗಡಿಯೊಳಕ್ಕೇ ತಂದು, ಬೀದಿ ಕಾಣುವಂತೆ ಕಿಟಕಿಯ ಪಕ್ಕ ಹಾಕಿದೆವು.

"ಅವನಿಗಿಂತ ನಂದೇ ಒಳ್ಳೆ ಜಾಗ" ಎಂದು ಅತ್ತೆ ಫೋನಿನಲ್ಲಿ ಚಿಕ್ಕತ್ತೆಗೆ ಜಂಬ ಕೊಚ್ಚಿಕೊಂಡರು. ಮಲಗಿದಲ್ಲಿಂದಲೇ ಒಬ್ಬ ಗಿರಾಕಿಗೆ ಊಟದ ಮೇಜನ್ನು ದಾಟಿಸಿದರು. ಆತ ಕಾಯಿಲೆಯ ಹೆಂಗಸೆಂದು ಕನಿಕರಪಟ್ಟದ್ದೇ ಅವನಿಗೆ ಮುಳುವಾಯಿತು.

ಮಂಚ ಬೇಡವೆನಿಸಿದಾಗ ಕುರ್ಚಿಗೆ ಬರುತ್ತಿದ್ದರು. ಎಡಗೈಯ ಪಾಲಿಶ್ ಹಾಗೇ ಉಳಿಯತೊಡಗಿತು. ಆದರೆ ಕುರ್ಚಿಯಲ್ಲಿ ಅವರು ದಿನದಿಂದ ದಿನಕ್ಕೆ ಸಣ್ಣವರಾಗುತ್ತಿದ್ದರು. ಊಟ ಬಿಟ್ಟರು, ಬೈಯುವುದನ್ನು ಕಡಿಮೆ ಮಾಡಿದರು. ಎರಡನೆಯದೇ ನನಗೆ ಹೆಚ್ಚು ದಿಗಿಲು ಹುಟ್ಟಿಸಿತು.

ಒಂದು ಬೆಳಿಗ್ಗೆ ಎಂದಿನಂತೆ ಪಕ್ಕದಲ್ಲಿ ಕುಳಿತು ಕೇಳಿದೆ: "ಇವತ್ತು ಎಷ್ಟು ಅತ್ತೆ?"

"ಎರಡು."

ಅಭ್ಯಾಸದಂತೆ ಅವರ ಕೈಯನ್ನು ನೋಡಿದೆ. ಬೆರಳುಗಳು ಮುಷ್ಟಿ ಬಿಗಿಯದೆ ಸಡಿಲವಾಗಿ ತೆರೆದುಕೊಂಡಿದ್ದವು. "ನಿಜವಾಗ್ಲೂ?"

"ಚೌಕಾಸಿ ಇಲ್ಲ. ಇದ್ದದ್ದು ಇದ್ದ ಹಾಗೆ."

ಹದಿನೈದು ಎಂದಾಗಲೂ ನನಗೆ ಅಷ್ಟು ಹೆದರಿಕೆಯಾಗಿರಲಿಲ್ಲ. ಅವರು ನನ್ನ ಕಡೆ ತಲೆ ಹೊರಳಿಸಿದರು.

"ನಿಂದು ಎಷ್ಟು?"

"ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ಕೇಳಿದ್ದಕ್ಕೆ ಹೇಳು. ಹತ್ತಕ್ಕೆ ಎಷ್ಟು?"

ಅವರೇ ಕಲಿಸಿದ ಮುಖ ಹಾಕಿಕೊಂಡೆ.

"ಮೂರು" ಎಂದೆ.

ಅತ್ತೆ ನನ್ನನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಸದ್ದಿಲ್ಲದೆ ನಕ್ಕು, ಆ ತೆರೆದ ಕೈಯನ್ನು ನನ್ನ ಕೈಮೇಲಿಟ್ಟು ಕಣ್ಣು ಮುಚ್ಚಿದರು.

"ಅಂಗಡಿ ಬೀಗದ ಕೈ ನೀನೇ ಇಟ್ಕೋ" ಎಂದರು.