ಕತ್ತರಿ ತಿಂದ ಮೂರು ಫ್ಲಾಟ್

ಮಸಿಯಕ್ಕನ ಸಿಟ್ಟು ಸಾಮಾನ್ಯದ್ದಲ್ಲ. ಆ ಬೆಳಿಗ್ಗೆ ಅದು ಅಂಗಾಲಿನಿಂದ ನೆತ್ತಿಗೆ ಏರಿದ ರಭಸಕ್ಕೆ ತಾಲೀಮಿನ ಕೋಣೆಯ ಹದಿನಾಲ್ಕು ಕಿಟಕಿಗಳೂ ಗಡಗಡ ನಡುಗಿ, ಒಂದರ ಗಾಜು ಸೀಳಿತು. ಆ ಗಾಜು ಮೊದಲೇ ಸೀಳಿತ್ತು ಎನ್ನುವವರ ಮಾತು ನಂಬಬೇಡಿ.

ಆಕೆ ಬ್ಯಾಂಡಿನ ನಕಲುಗಾರ್ತಿ. ಮೇಷ್ಟ್ರು ಬರೆದ ದೊಡ್ಡ ಹಾಳೆಯಿಂದ ನಲವತ್ತು ವಾದ್ಯದವರಿಗೂ ಅವರವರ ಪಾಲಿನ ಸ್ವರಗಳನ್ನು ಬಿಡಿಬಿಡಿಯಾಗಿ ಇಳಿಸಿಕೊಡುವುದು ಆಕೆಯ ಕೆಲಸ. ಹನ್ನೊಂದು ವರ್ಷದಲ್ಲಿ ಆಕೆ ಬರೆದ ಸ್ವರಗಳನ್ನು ಸಾಲಾಗಿ ನಿಲ್ಲಿಸಿದರೆ ಚಂದ್ರನಿಗೆ ಎರಡು ಸುತ್ತು ಬರುತ್ತವೆ. ತಪ್ಪು ಹುಡುಕಿದರೆ ಸಾಸಿವೆಯಷ್ಟೂ ಸಿಗದು. ಅಂಥವಳಿಗೆ, ನಲವತ್ತು ಜನರೆದುರು, ಮೇಷ್ಟ್ರು ಕೋಲು ತೋರಿಸಿ ಹೇಳಿದ್ದೇನು?

"ಟ್ರಂಪೆಟ್‌ನೋರ ಹಾಳೆ ಪೂರ್ತಿ ತಪ್ಪು. ಕಣ್ಣು ಮಂಜಾಗಿದ್ರೆ ಮನೇಲಿರಮ್ಮ. ಸಂಜೆ ಕಾರ್ಯಕ್ರಮ ಮುಗಿದ್ಮೇಲೆ ಮೇಜು ಖಾಲಿ ಮಾಡು."

ತಾಲೀಮಿನಲ್ಲಿ ಆದದ್ದು ಘೋರವೇ, ಅದರಲ್ಲಿ ಎರಡು ಮಾತಿಲ್ಲ. ಹಡಗು ಮುಳುಗಿ ಸತ್ತವರ ನೆನಪಿಗೆ ಕಟ್ಟಿದ ಶೋಕದ ಸಂಗೀತ ಅದು. ಉಳಿದವರೆಲ್ಲ ಮೊದಲ ಹನ್ನೆರಡು ಬಾರ್, ಎಂದರೆ ತಾಳದ ಹನ್ನೆರಡು ಸುತ್ತು, ಕಣ್ಣೀರು ಬರುವಂತೆ ನುಡಿಸಿದರು. ಆಮೇಲೆ ಆರು ಟ್ರಂಪೆಟ್‌ಗಳು ಒಳನುಗ್ಗಿದವು, ಸಾವಿನ ಮನೆಗೆ ಸರ್ಕಸ್ ಬಂದ ಹಾಗೆ. ಮುಳುಗಿದವರು ಎದ್ದು ಬಂದು ಕಿವಿ ಮುಚ್ಚಿಕೊಳ್ಳಬೇಕು, ಹಾಗಿತ್ತು.

ಮಸಿಯಕ್ಕ ಹಲ್ಲು ಕಡಿಯುತ್ತ ಮೈದುನನ ಸ್ಟ್ಯಾಂಡಿನಿಂದ ಹಾಳೆ ಕಿತ್ತುಕೊಂಡಳು. ಟ್ರಂಪೆಟ್‌ನವರಲ್ಲಿ ಅವನೇ ಮೊದಲಿಗ.

"ಒಂದೂ ಫ್ಲಾಟ್ ಇಲ್ವಲ್ಲ ಅತ್ತಿಗೆ. ಇದ್ದ ಹಾಗೆ ಊದಿದೆ," ಎಂದ.

"ನಾನು ಮೂರು ಬರೆದಿದ್ದೆ!"

ಬರೆದದ್ದು ಆಕೆಯ ಬೆರಳಿಗೇ ನೆನಪಿತ್ತು. ಶಾರ್ಪ್ ಸ್ವರವನ್ನು ಅರ್ಧ ಮೆಟ್ಟಿಲು ಮೇಲಕ್ಕೆ ನೂಕಿದರೆ ಫ್ಲಾಟ್ ಅರ್ಧ ಮೆಟ್ಟಿಲು ಕೆಳಕ್ಕೆ ಎಳೆಯುತ್ತದೆ. ಸಾಲಿನ ತಲೆಯಲ್ಲಿ ಮೂರು ಫ್ಲಾಟ್ ಕೂತರೆ ಆ ಮೂರು ಸ್ವರಗಳು ಎಲ್ಲೇ ಬರಲಿ, ಕೆಳಗಿಳಿದೇ ಬರಬೇಕು. ಪ್ರತಿ ಸಾಲಿನ ತಲೆಗೂ ಬರೆಯಬೇಕೆಂದು ಅಪ್ಪ ಕಲಿಸಿದ್ದ. ಆದರೆ ಮಸಿ ದಂಡ, ಹೊತ್ತು ದಂಡ ಎಂದು ಮೇಷ್ಟ್ರು ತಕರಾರು ತೆಗೆದ ಮೇಲೆ ಆಕೆ ಮೊದಲ ಸಾಲಿಗೆ ಮಾತ್ರ ಬರೆಯುತ್ತಿದ್ದಳು. ಅಪ್ಪನ ಮಾತು ಬಿಟ್ಟು ಇವನ ಮಾತು ಕೇಳಿದೆನಲ್ಲ ಎಂದು ಈಗ ತನ್ನ ಮೇಲೂ ಮೈಯೆಲ್ಲ ಉರಿಯಿತು.

ಹಾಳೆ ತಿರುಗಿಸಿದಳು. ರಟ್ಟಿನಂತೆ ಸೆಟೆದಿತ್ತು. ಹಿಂದೆ ಅಂಟು. ಮೇಲಿನ ಅಂಚನ್ನು ಸೊಟ್ಟಗೆ ಕತ್ತರಿಸಲಾಗಿತ್ತು.

"ಇದಕ್ಕೆ ಕೈ ಹಾಕಿದ್ದು ಯಾರು?"

ಮೈದುನ ದನಿ ತಗ್ಗಿಸಿದ. "ನಿನ್ನೆ ಮೇಷ್ಟ್ರು ಕತ್ತರಿ ಹಿಡ್ಕೊಂಡು ಕೂತಿದ್ರು. ಕತ್ತರಿಸಿ ಎಲ್ಲಾ ಒಂದೇ ಹಾಳೇಲಿ ಅಂಟಿಸಿದ್ರೆ ಊದ್ತಾ ಮಧ್ಯೆ ಹಾಳೆ ತಿರುವೋದು ತಪ್ಪುತ್ತಂತೆ. ಹನ್ನೆರಡು ಬಾರ್ ಮನಸ್ಸಲ್ಲೇ ಎಣಿಸ್ಕೊಂಡು ಶುರು ಮಾಡಿ ಅಂದ್ರು."

ಮಸಿಯಕ್ಕ ಮೇಷ್ಟ್ರ ಕೋಣೆಗೆ ನುಗ್ಗಿ ಕಸದ ಬುಟ್ಟಿಯನ್ನು ಮೇಜಿನ ಮೇಲೇ ಬೋರಲು ಹಾಕಿದಳು. ಪೆನ್ಸಿಲ್ ಸಿಪ್ಪೆ, ಹರಿದ ಲಕೋಟೆ, ಅದರಡಿ ಆರು ಉದ್ದದ ಪಟ್ಟಿಗಳು. ಟ್ರಂಪೆಟ್‌ಗಳು ಸುಮ್ಮನಿರಬೇಕಾದ ಮೊದಲ ಸಾಲು. ಸ್ವರವೇ ಇಲ್ಲದ ಸಾಲು ಎಂದು ಮಹಾಶಯ ಕತ್ತರಿಸಿ ಎಸೆದಿದ್ದ, ತಲೆಯಲ್ಲಿದ್ದ ಮೂರು ಫ್ಲಾಟ್ ಸಮೇತ!

ಹಾಗೇ ತಾಲೀಮಿನ ಕೋಣೆಗೆ ಬಂದು, ಒಂದು ಪಟ್ಟಿಯನ್ನು ಮೈದುನನ ಹಾಳೆಯ ನೆತ್ತಿಗೆ ಇಟ್ಟಳು. ಸೊಟ್ಟ ಅಂಚಿಗೆ ಸೊಟ್ಟ ಅಂಚು ಕಚ್ಚಿ ಕೂತಿತು.

"ಊದು."

ಊದಿದ. ಮೂರೂ ಸ್ವರ ಕೆಳಗಿಳಿದವು, ಸರ್ಕಸ್ ಓಡಿಹೋಯಿತು. ಡ್ರಮ್ಮಿನವನು, ಹೆಂಡತಿಗೆ ಹೆದರುವುದು ಬಿಟ್ಟರೆ ಕಲ್ಲಿನಂಥ ಆಸಾಮಿ, ಗೊಳೋ ಎಂದು ಅತ್ತೇಬಿಟ್ಟ.

ಮೇಷ್ಟ್ರ ಮುಖ ಹುಳ್ಳಗಾಯಿತು. "ಖಾಲಿ ಸಾಲು ಅಂದ್ಕೊಂಡೆ... ಹೋಗ್ಲಿ ಬಿಡು, ಸಣ್ಣ ವಿಷ್ಯ. ನೀನೂ ಪ್ರತಿ ಸಾಲಿಗೂ ಬರೀಬೇಕಿತ್ತಮ್ಮ."

ಆ ಮಾತು ಆಡಬಾರದಿತ್ತು. ಮಸಿಯಕ್ಕ ತನ್ನ ಮೇಜಿನ ಮೇಲೆ ಗೋಡೆಗೆ ಹೊಡೆದಿದ್ದ ಚೀಟಿಯನ್ನು ಮೊಳೆ ಸಮೇತ ಕಿತ್ತು ತಂದಳು.

"ಓದಿ, ಗಟ್ಟಿಯಾಗಿ."

ಮೇಷ್ಟ್ರು ಚೀಟಿಯನ್ನು ಪಕ್ಕಕ್ಕೆ ತಳ್ಳಿದರು. ಮೈದುನ ಓದಿದ: "ಶಾರ್ಪ್, ಫ್ಲಾಟ್ ಮೊದಲ ಸಾಲಿಗೆ ಮಾತ್ರ. ಮೀರಿದರೆ ಸಹಿಸುವುದಿಲ್ಲ." ಕೆಳಗೆ ಮೇಷ್ಟ್ರದೇ ಸಹಿ.

"ನನ್ನ ಕಣ್ಣು ಮಂಜಾ ಮೇಷ್ಟ್ರೇ? ನಲವತ್ತು ಜನರ ಮುಂದೆ ಅಂದಿದ್ದನ್ನ ನಲವತ್ತು ಜನರ ಮುಂದೇನೇ ವಾಪಸ್ ತಗೊಳ್ಳಿ."

"ತಪ್ಪು ನನ್ನದೇ," ಎಂದು ಮೇಷ್ಟ್ರು ಅಂಗಿಯ ಗುಂಡಿಗೆ ಹೇಳಿದರು.

"ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ!" ಡ್ರಮ್ಮಿನವನು ಮೂಗೊರೆಸಿಕೊಳ್ಳುತ್ತ ಕೂಗಿದ.

"ತಪ್ಪು ನನ್ನದು! ಮೇಜು ಅವಳದೇ!"

ಮಸಿಯಕ್ಕನ ಸಿಟ್ಟು ಇಳಿಯಿತೆಂದುಕೊಂಡಿರಾ? ಆಕೆ ಆ ಮೇಜಿಗೇ ಮೇಷ್ಟ್ರನ್ನು ಕರೆದು ಕೂರಿಸಿ, ಮಸಿ ಬಾಟಲಿ ಮುಂದಿಟ್ಟಳು. ಆರು ಹಾಳೆ, ಹಾಳೆಗೆ ಹತ್ತು ಸಾಲು, ಸಾಲಿಗೆ ಮೂರು ಫ್ಲಾಟ್.

"ಸಂಜೆ ಕಾರ್ಯಕ್ರಮ ಕಣೇ!"

"ಅದಕ್ಕೇ ಬೇಗ ಬರೀರಿ."

ಮೇಷ್ಟ್ರು ಬರೆದರು. ಸ್ವರ ಕೂರುವ ಐದು ಗೆರೆಗಳಲ್ಲಿ ಮೊದಲನೆಯದು ನಡುಗೆರೆಯ ಮೇಲೆ, ಎರಡನೆಯದು ಮೇಲಿನ ಸಂದಿನಲ್ಲಿ, ಮೂರನೆಯದು ಕೆಳಗಿನಿಂದ ಎರಡನೇ ಸಂದಿನಲ್ಲಿ. ಬೆವರು ನದಿಯಾಗಿ ಹರಿದು ಕುರ್ಚಿ ತೇಲಿತು. ನಾಲ್ಕನೇ ಹಾಳೆಯಲ್ಲಿ ಮೂರನೇ ಫ್ಲಾಟ್ ಸಂದಿನಿಂದ ಜಾರಿ ಕೆಳಗಿನ ಗೆರೆಗೆ ಅಂಟಿಕೊಂಡಿತು.

ಬೆನ್ನ ಹಿಂದೆ ನಿಂತಿದ್ದ ಮಸಿಯಕ್ಕ ಅದರ ಮೇಲೆ ಬೆರಳಿಟ್ಟಳು.

"ಕಣ್ಣು ಮಂಜಾಗಿದೆಯಾ ಮೇಷ್ಟ್ರೇ? ಕೆರೆದು ತೆಗೀರಿ. ಮತ್ತೆ ಬರೀರಿ."