ಭಾವನ ಬಾಯಿ ಕಟ್ಟುವ ಕೆಲಸ

ಭಾವನ ತೋಳಿನ ಮೇಲಿನ ಇಸ್ತ್ರಿ ಗೆರೆ, ಅದೆಷ್ಟು ನೆಟ್ಟಗೆ, ಬೆರಳಿಟ್ಟರೆ ಕೊಯ್ಯುವ ಹಾಗೆ, ಅಕ್ಕನೇ ಹಾಕಿರಬೇಕು, ಬಾಯಲ್ಲಿ ನೀರು ತುಂಬಿಕೊಂಡು ಬಟ್ಟೆಯ ಮೇಲೆ ಪುರ್ರೆಂದು ಚಿಮುಕಿಸಿ ಹಾಕುತ್ತಾಳೆ, ಆಗೆಲ್ಲ ತಮ್ಮನ ಸ್ಕೂಲಿನ ಅಂಗಿಗೂ ಹಾಗೇ ಹಾಕುತ್ತಿದ್ದಳು — ಆ ಅಂಗಿ ಈಗ ಎಲ್ಲಿದೆಯೋ, ನೆಲ ಒರೆಸಿ ಒರೆಸಿ ಎಳೆ ಎಳೆಯಾಗಿ ಹೋಗಿರಬೇಕು — ಭಾವನದು ಮಾತ್ರ ಹೊಸ ಅಂಗಿ, ಇವತ್ತಿನ ಅಹವಾಲು ಸಭೆಯಲ್ಲಿ ಗಣಿ ಕಂಪನಿಯವರ ಸಾಲಿನಲ್ಲಿ ಕೂರಲಿಕ್ಕೆಂದೇ ಹೊಲಿಸಿದ್ದು, ಕಂಪನಿಯ ಮ್ಯಾನೇಜರ್ ಬಗ್ಗಿ ಅವನ ಕಿವಿಯಲ್ಲಿ ಏನೋ ಊದುತ್ತಾನೆ, ಭಾವ ನಗುತ್ತಾನೆ, ನಗು ನಗು, ಇನ್ನೊಂದಷ್ಟು ಹೊತ್ತು ನಗು, ಮೂಲೆಯಲ್ಲಿ ಮಿಕ್ಸರಿನ ಹಿಂದೆ ಕೂತ ಆ ತಮ್ಮನ, ಈಗ ಮೈಕಿನವನ, ಹೆಬ್ಬೆರಳು ಗುಂಡಿಯ ಮೇಲೇ ಇದೆ. ಅವನ ಮನಸ್ಸಿನಲ್ಲಿ ಭಾವನಿಗೆ ಇದ್ದ ಮರ್ಯಾದೆಯ ಮಾತು ಯಾವತ್ತೋ ಉದುರಿ ಹೋಗಿದೆ, ಬಾಯಲ್ಲಿ ಮಾತ್ರ ಇನ್ನೂ ಬನ್ನಿ ಭಾವ, ಕೂತ್ಕೊಳ್ಳಿ ಭಾವ, ಬೆಳಿಗ್ಗೆ ಬಾಗಿಲಲ್ಲಿ ಸಿಕ್ಕಾಗಲೂ ಹಾಗೇ ಅಂದ, ಭಾವ ಬೆನ್ನು ತಟ್ಟಿ, ಏನೋ ಮೈಕು, ಸೌಂಡು ಚೆನ್ನಾಗಿ ಇಟ್ಟಿದ್ದೀಯ ತಾನೆ, ನನ್ನ ಮಾತು ಹಿಂದಿನ ಸಾಲಿಗೂ ಕೇಳ್ಬೇಕು ನೋಡು ಅಂದ, ಕೇಳುತ್ತೆ ಭಾವ, ಹಿಂದಿನ ಸಾಲಿಗೇನು, ಆಚೆ ಬೀದಿಗೂ ಕೇಳುತ್ತೆ. ಎಡಗಡೆಯ ಸ್ಪೀಕರ್ ಬಾಕ್ಸನ್ನು ಆಮೇಲೆ ಯಾರಿಗೂ ಕಾಣದ ಹಾಗೆ ಮೊಣಕಾಲಲ್ಲಿ ತಳ್ಳಿ ತಳ್ಳಿ ಮೈಕಿನ ಕಡೆ ಮುಖ ಮಾಡಿಸಿದ್ದಾನೆ, ಈಗ ಗುಂಡಿಯನ್ನೊಂದಿಷ್ಟು ಏರಿಸಿದರೆ ಸಾಕು, ಬಾಕ್ಸಿನ ದನಿ ಮೈಕಿಗೆ, ಮೈಕಿನದು ಬಾಕ್ಸಿಗೆ, ಸುತ್ತಿ ಸುತ್ತಿ ಎಂಥ ಕಿರುಚು ಏಳುತ್ತದೆಂದರೆ ಎಂಥ ಭಾಷಣಕಾರನೂ ಕಿವಿ ಮುಚ್ಚಿಕೊಂಡು ಇಳಿಯಬೇಕು — ಯಾರ ಮೇಲೂ ಕೈ ಮಾಡಬೇಕಿಲ್ಲ, ಕಲ್ಲೆಸೆಯಬೇಕಿಲ್ಲ, ಹೆಬ್ಬೆರಳು ಸಾಕು.

ಹೆಬ್ಬೆರಳಿಗೆ ಕಲಿಸಿದ್ದೂ ಭಾವನೇ. ಒಂಬತ್ತನೇ ಕ್ಲಾಸಿನ ನಡುವೆ ಒಂದು ದಿನ ಸ್ಕೂಲಿನ ಗೇಟಿಗೆ ಬಂದು, ಬಾರೋ, ಹಾರ್ನ್ ಹೊರೋಕೆ ಒಬ್ಬ ಬೇಕು, ಗುಡ್ಡ ಸುತ್ತಿ ಜಾಥಾ ಹೋಗ್ತೀವಿ ಅಂದ, ಪರೀಕ್ಷೆ ಇದೆ ಭಾವ ಅಂದರೆ, ಸ್ಕೂಲು ಎಲ್ಲಿಗೂ ಓಡಿ ಹೋಗಲ್ಲ ಕಣೋ, ಗುಡ್ಡ ಹೋಗುತ್ತೆ ಅಂದ, ಆ ಮಾತು ಎದೆಯೊಳಗೆ ಮೊಳೆ ಹೊಡೆದ ಹಾಗೆ ಕೂತಿತು, ಹೆಗಲ ಮೇಲೆ ಹಾರ್ನು, ಬೆನ್ನಿಗೆ ಬ್ಯಾಟರಿ, ಬ್ಯಾಟರಿಯ ಆಸಿಡ್ ಸೋರಿ ಬೆನ್ನಲ್ಲಿ ಈಗಲೂ ಅಂಗೈಯಗಲ ಸುಟ್ಟ ಕಲೆ, ಹಾರ್ನಿನಲ್ಲಿ ಭಾವ ಗರ್ಜಿಸುತ್ತಿದ್ದಾನೆ, ಇದು ರಕ್ಷಿತ ಕಾಡು, ಇಲ್ಲೊಂದು ಒಣ ಕಡ್ಡಿ ಮುರಿದ್ರೆ ನಮಗೆ ದಂಡ ಹಾಕ್ತಾರೆ, ಇವರಿಗೆ ಗುಡ್ಡ ಪೂರ್ತಿ ಮುರಿಯೋಕೆ ಪರ್ಮಿಶನ್ನಾ, ಜನ ಹೋ ಎನ್ನುತ್ತಾರೆ, ಹುಡುಗಿಯರು ಗೋಡೆಗಳ ಮೇಲೆ ಬರೆಯುತ್ತಾರೆ, ವಕೀಲರು ಬರುತ್ತಾರೆ, ಫೋಟೋದವರು ಬರುತ್ತಾರೆ, ಎಷ್ಟೋ ಊರುಗಳಿಂದ ಸಹಿ ಬರುತ್ತದೆ, ಅಮ್ಮ ಎಲ್ಲರಿಗೂ ಟೀ ಕಾಯಿಸಿ ಕಾಯಿಸಿ ಕೊಡುತ್ತಾಳೆ, ಪಾತ್ರೆಯ ತಳ ಕರ್ರಗಾಗಿ ತೂತೇ ಬಿತ್ತು — ಸ್ಕೂಲು ಎಲ್ಲಿಗೂ ಹೋಗಲಿಲ್ಲ, ನಿಜ, ಅಲ್ಲೇ ಇದೆ, ಹೋದವನು ಅವನೇ. ಮತ್ತೆ ಹೋದದ್ದು ಭಾವ. ಹೋದ ಬೇಸಿಗೆಯಲ್ಲಿ ಕಂಪನಿಯ ಜೀಪಿನಲ್ಲಿ ಬಂದು ಇಳಿದ, ಕುತ್ತಿಗೆಯಲ್ಲಿ ಗುರುತಿನ ಚೀಟಿ, ಜನಸಂಪರ್ಕ ಸಲಹೆಗಾರ ಅಂತೆ, ಒಳಗಿದ್ದುಕೊಂಡೇ ಗುಡ್ಡ ಉಳಿಸ್ಬೇಕು ಕಣೋ, ಹೊರಗೆ ನಿಂತು ಬಾಯಿ ಬಡ್ಕೊಂಡ್ರೆ ಆಗಲ್ಲ ಅಂದ, ಹೆಗ್ಗಣಾನೂ ಒಳಗೇ ಇರುತ್ತೆ ಭಾವ ಎಂದು ನಾಲಿಗೆಯ ತುದಿಗೆ ಬಂತು, ಅಕ್ಕ ಪಕ್ಕದಲ್ಲಿದ್ದಳು, ನುಂಗಿದ, ನುಂಗಿದ್ದು ಜೀರ್ಣವಾಗಲಿಲ್ಲ, ಅವತ್ತಿನಿಂದ ಹೊಟ್ಟೆಯೊಳಗೆ ಕುದಿಯುತ್ತಲೇ ಇದೆ. ಆಮೇಲೆ ಭಾವ ಕಾಡಿನ ಬೇಲಿಯಂಚಿನ ಮನೆಮನೆಗೂ ಹೋಗಿ ಕೂತ, ಒಬ್ಬರ ಮಗನಿಗೆ ಡ್ರೈವರ್ ಕೆಲಸ, ಒಬ್ಬರಿಗೆ ಹೊಸ ಸೂರು, ಹಿಂದೆ ಯಾವ ಬಾಯಲ್ಲಿ ಬೇಡ ಅನ್ನಿಸಿದ್ದನೋ ಅದೇ ಬಾಯಲ್ಲಿ ಆಗಲಿ ಅನ್ನಿಸಿದ, ಒಂದು ಮನೆ ಬಿಟ್ಟು. ಆ ಒಂದು ಮನೆ ಅಮ್ಮನದು. ಈ ಗುಡ್ಡಕ್ಕೆ ಕೋರ್ಟು ಹಾಕಿದ ಷರತ್ತು ಇಷ್ಟೇ, ವಕೀಲರು ಎಷ್ಟೋ ಸಲ ಬಿಡಿಸಿ ಹೇಳಿದ್ದಾರೆ, ಬೇಲಿಯಂಚಿನ ಒಂದೇ ಒಂದು ಮನೆಯವರು ಸಭೆ ನಡೆಸುವ ಸರ್ಕಾರಿ ಸಾಹೇಬರ ಎದುರು, ಕ್ಯಾಮೆರಾದ ಎದುರು, ಸ್ವಂತ ಬಾಯಲ್ಲಿ ಬೇಡ ಅಂದರೂ ಗಣಿಯ ಕಡತ ವಾಪಸ್ ಹೋಗುತ್ತದೆ.

ಅಮ್ಮ ಮೂರನೇ ಸಾಲಿನಲ್ಲಿ ಕೂತಿದ್ದಾಳೆ, ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡು, ಅಲ್ಲಿ ಗಡ್ಡೆ ತೆಗೆದ ಗಾಯದ ಗುರುತಿದೆ, ಗಡ್ಡೆಯ ಜೊತೆ ದನಿಯನ್ನೂ ಕಿತ್ತುಕೊಂಡರು ಅನ್ನುತ್ತಾಳೆ, ಉಳಿದದ್ದು ನೂಲಿನೆಳೆಯಷ್ಟು, ಪಕ್ಕದ ಕೋಣೆಯಿಂದ ಕರೆದರೆ ಕೇಳುವುದಿಲ್ಲ, ಪಾತ್ರೆ ಬಡಿದು ಕರೆಯುತ್ತಾಳೆ. ಬೆಳಿಗ್ಗೆ ಮನೆಯಲ್ಲೇ ಮೈಕ್ ಹಿಡಿಸಿ ಅಭ್ಯಾಸ ಮಾಡಿಸಿದ, ಅಮ್ಮ ಅದನ್ನು ಪೊರಕೆ ಹಿಡಿದ ಹಾಗೆ ಹಿಡಿದಳು, ಒಂದು ಗೇಣು ದೂರ ಇಟ್ಕೋಮ್ಮ, ಅಷ್ಟು ದೂರ ಇಟ್ರೆ ಇದಕ್ಕೆ ಕೇಳುತ್ತೇನೋ, ನಿನಗೇ ಕೇಳಲ್ಲ ನಾನು ಅಂದಿದ್ದು ಎಂದು ನಕ್ಕಳು, ಕೇಳುತ್ತೆ, ನಾನಿದ್ದೀನಲ್ಲ, ನಿನ್ನ ಪಿಸುಮಾತನ್ನೂ ಗುಡುಗು ಮಾಡ್ತೀನಿ. ಅಕ್ಕ ನಿನ್ನೆ ಬಂದು ಅತ್ತು ಹೋಗಿದ್ದಳು, ನಿನ್ನ ಮಗಳ ಬಾಳು ಏನಾಗಬೇಕು ಯೋಚನೆ ಮಾಡಮ್ಮ ಅಂತ, ಅಮ್ಮ ಅವಳ ತಲೆ ಸವರುತ್ತಾ, ಬೇಡ ಅನ್ನೋದು ನಿನ್ನ ಗಂಡನೇ ಹೇಳ್ಕೊಟ್ಟ ಮಾತು ಕಣೇ, ಅವನು ಮರೆತ, ನನಗೆ ಮರೆಯೋಕೆ ಬರ್ತಿಲ್ಲ ಅಂದಿದ್ದಳು. ಮೊದಲು ಕಂಪನಿಯವರ ಮಾತು, ಕೊನೆಗೆ ಮನೆಗಳವರದು. ಮೊದಲು ಅವನ ಲೆಕ್ಕ ಚುಕ್ತಾ ಆಗಲಿ, ಆಮೇಲೆ ಗುಂಡಿ ಇಳಿಸಿ, ಬಾಕ್ಸು ತಿರುಗಿಸಿ, ಅಮ್ಮನಿಗೆ ಮೈಕು.

ಭಾವ ಎದ್ದ. ಗಂಟಲು ಸರಿ ಮಾಡಿಕೊಂಡ, ಮಾನ್ಯರೇ, ಈ ಗುಡ್ಡದ ಮಗನಾಗಿ — ಹೆಬ್ಬೆರಳು ಏರಿತು — ಕುಂಯ್ಯ್ — ಗುಡ್ಡದ ಮಗ ಹಾವು ತುಳಿದವನಂತೆ ಹಿಂದಕ್ಕೆ ಹಾರಿದ, ಸಭೆಯೆಲ್ಲ ಘೊಳ್ಳೆಂದಿತು, ಮೈಕಿನವನು ಮುಖದಲ್ಲಿ ಗಾಬರಿ ತಂದುಕೊಂಡು ಇಳಿಸಿದ, ಸಾರಿ ಭಾವ, ಹೇಳಿ ಭಾವ, ಈ ಗುಡ್ಡದ — ಕುಂಯ್ಯ್ — ಆಹಾ, ಹೊಟ್ಟೆ ತಣ್ಣಗಾಗುವುದು ಅಂದರೆ ಇದು, ಐಸು ನುಂಗಿದ ಹಾಗೆ ಒಳಗೆಲ್ಲ ತಂಪು, ಹಿಂದಿನಿಂದ ಯಾರೋ, ಮೈಕಿಗೂ ಇವನ ಮಾತು ಕೇಳಿ ವಾಕರಿಕೆ ಬರ್ತಿದೆ ಕಣ್ರೋ ಅಂದರು, ಮ್ಯಾನೇಜರ್ ಬಂದು ಮೈಕನ್ನು ಬೆರಳಲ್ಲಿ ತಟ್ಟಿದ, ಅವನಿಗೂ ಒಂದು ಕುಂಯ್ಯ್, ಅವನೂ ಕಿವಿ ಮುಚ್ಚಿಕೊಂಡು ಕೂತ, ಬೆವರು, ಭಾವನ ಇಸ್ತ್ರಿ ಅಂಗಿ ಕಂಕುಳಲ್ಲಿ ಒದ್ದೆ, ಬಾಯಿ ತೆರೆಯುತ್ತಾನೆ ಮುಚ್ಚುತ್ತಾನೆ, ಇದು ಹಾರ್ನಿಗೆ, ಇದು ಬೆನ್ನಿನ ಸುಟ್ಟ ಕಲೆಗೆ, ಇದು ಅಕ್ಕನ ಅಳುವಿಗೆ, ಸಾಕು ಇಳಿಸು ಎಂದು ಒಳಗೊಂದು ದನಿ, ಸುಮ್ಮನಿರು ಇನ್ನೊಂದೇ ಒಂದು, ಇದು ಸ್ಕೂಲಿಗೆ, ಗುಂಡಿಯನ್ನು ಕೊನೆತನಕ ತಿರುಗಿಸಿ ಹಾಗೇ ಹಿಡಿದ, ಹಿಡಿದೇ ಹಿಡಿದ, ಕಿಟಕಿಯ ಗಾಜು ನಡುಗಿತು, ಎಲ್ಲರ ಕೈ ಕಿವಿಯ ಮೇಲೆ — ಟಪ್. ನಿಶ್ಶಬ್ದ. ಫ್ಯಾನು ತಿರುಗುವ ಸದ್ದು. ಮೂಗಿಗೆ ಸುಟ್ಟ ವಾಸನೆ, ಮೊದಲು ಅದು ಎಲ್ಲಿಂದಲೋ ಅಂದುಕೊಂಡ, ಆಮೇಲೆ ಆಂಪ್ಲಿಫೈಯರಿನ ಜಾಲರಿಯಿಂದ ನೀಲಿ ಹೊಗೆ ಎದ್ದದ್ದು ಕಂಡಿತು.

ಸ್ವಿಚ್ಚು ಒತ್ತಿದ, ಮತ್ತೆ ಒತ್ತಿದ, ಪ್ಲಗ್ಗು ಕಿತ್ತು ಹಾಕಿದ, ಫ್ಯೂಸು ಬದಲಿಸಿದ, ಹಾಕಿದ ತಕ್ಷಣ ಅದೂ ಪಟ್ ಎಂದಿತು, ಇನ್ನೊಂದು ಸೆಟ್ಟು ಗೋಡೌನಿನಲ್ಲಿ, ಬೈಕಲ್ಲಿ ಹೋಗಿ ಬರುವಷ್ಟರಲ್ಲಿ — ಸಾಹೇಬರು ಗಡಿಯಾರ ನೋಡಿಕೊಂಡು, ಮೈಕಿಗೋಸ್ಕರ ಕಾಯೋಕಾಗಲ್ಲ, ಕ್ಯಾಮೆರಾದಲ್ಲಿ ಕೇಳಿಸಿದ್ದೇ ದಾಖಲೆ, ಮುಂದೆ ಬಂದು ಗಟ್ಟಿಯಾಗಿ ಮಾತಾಡಿ, ಮೊದಲನೇ ಮನೆಯವರು ಯಾರು ಅಂದರು. ಅಮ್ಮ ಎದ್ದಳು. ಸೆರಗು ಸರಿ ಮಾಡಿಕೊಂಡು ಮೇಜಿನ ಮುಂದೆ ನಿಂತಳು, ಮಗನ ಕಡೆಗೊಮ್ಮೆ ನೋಡಿದಳು, ಮೈಕು ಕೊಡುತ್ತೀಯಲ್ಲ ಎನ್ನುವ ಹಾಗೆ ಕೈ ಚಾಚಿದಳು, ಅಮ್ಮನ ತುಟಿ ಕೂಡಿತು, ತೆರೆಯಿತು. ಏನೂ ಕೇಳಲಿಲ್ಲ. ಗಟ್ಟಿಯಾಗಿ ತಾಯೀ ಎಂದರು ಸಾಹೇಬರು. ಕುತ್ತಿಗೆಯ ನರ ಉಬ್ಬಿತು, ತುಟಿ ಕೂಡಿತು, ತೆರೆಯಿತು, ಫ್ಯಾನು ತಿರುಗುತ್ತಲೇ ಇತ್ತು. ಆಗ ಭಾವ ಎದ್ದು ಬಂದ, ನಿಧಾನ, ಅಮ್ಮನ ಹೆಗಲ ಮೇಲೆ ಕೈ ಇಟ್ಟ, ಬಾಯಿ ತೆರೆದ, ಬಾಯಿ ತೆರೆದ ಕೂಡಲೇ ಮೈಕಿನವನಿಗೆ ಹೊಳೆಯಿತು, ಹೇಗೆ ಮರೆತ, ಹೇಗೆ ಮರೆತೆಯೋ ಮುಟ್ಠಾಳ, ಹಾರ್ನು ಬರುವುದಕ್ಕೂ ಮೊದಲು ಈ ಮನುಷ್ಯ ಬಂಡೆಯ ಮೇಲೆ ನಿಂತು ಬರೀ ಗಂಟಲಿನಲ್ಲಿ ಇಡೀ ಬಯಲಿಗೆ ಕೇಳಿಸುತ್ತಿದ್ದ, ಆ ದನಿಗೇ ಅಲ್ಲವೇ ಅಕ್ಕ ಮರುಳಾದದ್ದು, ಅವನೂ ಮರುಳಾದದ್ದು — ಮೈಕು ಬೇಕಿದ್ದದ್ದು ಅಮ್ಮನಿಗೆ, ಭಾವನಿಗೆ ಯಾವತ್ತೂ ಬೇಕಿರಲಿಲ್ಲ. ಸಾಹೇಬ್ರೇ, ನಮ್ಮತ್ತೆಗೆ ಗಂಟಲಿನ ತೊಂದರೆ, ಅವರ ಮಾತು ನಾನು ಹೇಳ್ತೀನಿ, ಗಣಿ ಬರಲಿ ಅಂತಾರೆ, ಬಂದ ಮೇಲೆ ಮಗನಿಗೆ ಅಲ್ಲೊಂದು ಕೆಲಸ ಕೊಡಿ ಅಂತಾರೆ, ಓದಿಲ್ಲ ಪಾಪ. ಹಿಂದಿನ ಸಾಲಿಗೂ ಕೇಳಿತು, ಆಚೆ ಬೀದಿಗೂ ಕೇಳಿರಬೇಕು, ಸುಳ್ಳು ಎಂದು ಅವನು ಕೂಗಿಕೊಂಡು ಓಡಿದ, ಕಂಪನಿ ಕರೆತಂದ ಜನ ಚಪ್ಪಾಳೆ ಶುರು ಮಾಡಿಬಿಟ್ಟಿದ್ದರು, ಕೂಗು ಅದರಡಿಯಲ್ಲಿ ಹೂತು ಹೋಯಿತು, ಮಾಡಿದ ಗಲಾಟೆ ಸಾಲದೇನೋ, ನಿನ್ನ ಡಬ್ಬ ನೋಡ್ಕೋ ಹೋಗು ಎಂದು ಪೇದೆ ತೋಳು ಹಿಡಿದ, ಸಾಹೇಬರು ಬರೆದುಕೊಳ್ಳುತ್ತಿದ್ದಾರೆ, ಭಾವನ ಕೈ ಹೆಗಲ ಮೇಲೆ ಭಾರವಾಗಿ ಕೂತಿದೆ, ಅದರಡಿ ಅಮ್ಮ ತಲೆ ಅಲ್ಲಾಡಿಸುತ್ತಾಳೆ, ವಯಸ್ಸಾದವರ ನಡುಕ ಅಂದುಕೊಂಡಾರು, ಕ್ಯಾಮೆರಾದತ್ತ ತಿರುಗುತ್ತಾಳೆ, ಬೆಳಿಗ್ಗೆ ಹೇಳಿಕೊಟ್ಟ ಹಾಗೇ ಒಂದು ಗೇಣು ದೂರಕ್ಕೆ ಖಾಲಿ ಮುಷ್ಟಿ ಎತ್ತಿ ಹಿಡಿದಿದ್ದಾಳೆ, ತುಟಿ ಕೂಡುತ್ತದೆ, ತೆರೆಯುತ್ತದೆ, ಬೇಡ ಎನ್ನುವ ಬಾಯಿ, ಬೇಡ ಎನ್ನುವ ಬಾಯಿ, ತುಟಿ ಕೂಡುತ್ತದೆ, ತೆರೆಯುತ್ತದೆ, ಕೂಡುತ್ತದೆ —