ಬೆಟ್ಟಕ್ಕೆ ಹಾಕಿದ ಪ್ಲಾಸ್ಟರ್

ಲಂಡನ್ನಿನ ಸ್ಟ್ಯಾನ್ಮೋರಿನ ಡಾಕ್ಟರ್ ಸತ್ಯಪ್ರಕಾಶರು ಮೂವತ್ತೆಂಟು ವರ್ಷ ಜನರ ಮುರಿದ ಮೂಳೆ ಕೂಡಿಸಿದವರು. ನಿವೃತ್ತರಾದ ಮೇಲೆ ಕೂಡಿಸಲು ಏನೂ ಉಳಿಯಲಿಲ್ಲ. ಹೆಂಡತಿ ಕೃಷ್ಣವೇಣಿಯವರ ದಸರಾ ಗೊಂಬೆಗಳ ಹತ್ತಿರವಂತೂ ಅವರಿಗೆ ಪ್ರವೇಶವೇ ಇರಲಿಲ್ಲ. ಮೈಸೂರಿನಿಂದ ತಂದ ಪಟ್ಟದ ಗೊಂಬೆ, ಒಂಬತ್ತು ಮೆಟ್ಟಿಲು, ತಟ್ಟೆಯಲ್ಲಿ ಬೆಳೆಸಿದ ರಾಗಿ ಪೈರು, ಎಲ್ಲ ಆಕೆಯ ರಾಜ್ಯ. ಇವರ ಪಾಲಿಗೆ ಏಣಿ ಹಿಡಿಯುವ ಕೆಲಸ.

ಈ ವರ್ಷ ಗೋಗರೆದು ಮೆಟ್ಟಿಲ ಕೆಳಗೆ ನಾಲ್ಕಡಿ ಜಾಗ ಗಿಟ್ಟಿಸಿಕೊಂಡಿದ್ದರು. ಅಲ್ಲಿ ಒಂದು ಬೆಟ್ಟ, ಬಾಗಿದ ಸುರಂಗ, ಅದರೊಳಗೆ ಓಡುವ ಪುಟ್ಟ ರೈಲು.

“ಅರಿಶಿನ ಕುಂಕುಮಕ್ಕೆ ಬಂದೋರ ಮುಂದೆ ಅದು ಕೆಟ್ಟು ನಿಂತ್ರೆ, ಮುಂದಿನ ವರ್ಷದಿಂದ ಏಣಿ ಹಿಡ್ಕೊಂಡಿದ್ರೆ ಸಾಕು ನೀವು,” ಎಂದು ಆಕೆ ಕಡ್ಡಿ ಮುರಿದಂತೆ ಹೇಳಿದ್ದರು.

ತಂತಿಬಲೆಯನ್ನು ಬಗ್ಗಿಸಿ, ಪ್ಲಾಸ್ಟರ್ ಬ್ಯಾಂಡೇಜನ್ನು ನೀರಿಗದ್ದಿ ಎರಡು ಪದರ ಹೊದಿಸಿದರೆ ಬೆಟ್ಟವಾಗುತ್ತದೆ. ಆದರೆ ಮೂಳೆ ಡಾಕ್ಟರ ಕೈ ಸುಮ್ಮನಿರಬೇಕಲ್ಲ! ಎಂಟು ಪದರ ಸುತ್ತಿ, ಅಂಗೈಯಲ್ಲಿ ನಯವಾಗಿ ಸವರಿದರು. ಪ್ಲಾಸ್ಟರ್ ಸಡಿಲವಾದರೆ ಮೂಳೆ ಕೂಡುವುದಿಲ್ಲವೆಂಬ ಹಳೇ ನಿಯಮದಂತೆ, ಸುರಂಗವನ್ನೂ ಎಂಜಿನ್ನಿನ ಮೈಯಳತೆಗೇ ಬಿಗಿದರು. ಎಂಜಿನ್ನು ಸಲೀಸಾಗಿ ಹೋಗಿ ಬಂತು. ಬೋಗಿ ಜೋಡಿಸಿ ನೋಡುವ ಗೋಜಿಗೆ ಹೋಗಲಿಲ್ಲ. ಉದ್ದನೆಯ ಬೋಗಿಗೆ ತಿರುವಿನಲ್ಲಿ ಇನ್ನಷ್ಟು ಜಾಗ ಬೇಕೆಂದು ಈ ಪುಣ್ಯಾತ್ಮರಿಗೆ ಯಾರು ಹೇಳಬೇಕು?

ದಸರೆಯ ಏಳನೆಯ ದಿನ ಸಂಜೆ ಹನ್ನೊಂದು ಜನ ಹೆಂಗಸರೆದುರು ರೈಲು ಮೊದಲ ಬಾರಿಗೆ ಮೂರು ಬೋಗಿಗಳೊಡನೆ ಸುರಂಗ ಹೊಕ್ಕಿತು. ಒಳಗೆ ಕಟಕ್ಕೆಂದಿತು. ಅಷ್ಟೇ.

“ರೈಲು ಒಳಗ ಹೋತು, ಹೊರಗ ಬರವಲ್ದಲ್ರೀ ಡಾಕ್ಟರ್?” ಎಂದರು ರೇನರ್ಸ್ ಲೇನಿನಿಂದ ಬಂದಿದ್ದ ಧಾರವಾಡದ ಬಸಲಿಂಗವ್ವ. “ನಮ್ಮ ಟ್ಯೂಬ್ ರೈಲಿನ್ಯಾಗಾದ್ರ ಯಾಕ ನಿಂತೈತಿ ಅಂತ ಮೈಕಿನ್ಯಾಗ ಹೇಳ್ತಾರ.”

ಸುರಂಗದೊಳಕ್ಕೆ ಕೈ ಹೋಗಲಿಲ್ಲ. ಎತ್ತಲು ಹೋದರೆ ಬೆಟ್ಟ ಮೇಲೇಳಲಿಲ್ಲ. ಕೃಷ್ಣವೇಣಿ ತಿರುಗಿಯೂ ನೋಡದೆ ಕೋಸಂಬರಿ ಹಂಚುತ್ತಿದ್ದರು. ಆಕೆಯ ಪಕ್ಕದಲ್ಲಿ ಕೂತು ಏನಾದರೂ ಮಾಡಬೇಕೆಂಬ ಆಸೆಯಿಂದಲೇ ಸತ್ಯಪ್ರಕಾಶರು ಎರಡು ತಿಂಗಳು ಮೈಮುರಿದು ದುಡಿದಿದ್ದರು.

ಗ್ಯಾರೇಜಿಗೆ ಓಡಿ, ಪ್ಲಾಸ್ಟರ್ ಕತ್ತರಿಸುವ ಹಳೇ ವಿದ್ಯುತ್ ಗರಗಸ ತಂದರು.

“ಗಾಬರಿಯಾಗ್ಬೇಡಿ, ಇದು ಚರ್ಮ ಕೊಯ್ಯಲ್ಲ,” ಎಂದು ಅಭ್ಯಾಸಬಲದಿಂದ ಬೆಟ್ಟಕ್ಕೇ ಧೈರ್ಯ ಹೇಳಿ, ಗಾಯ ನೋಡಲು ರೋಗಿಯ ಪ್ಲಾಸ್ಟರಿನಲ್ಲಿ ಕಿಟಕಿ ಕೊಯ್ಯುವಂತೆ ಅದರ ಪಕ್ಕೆಯಲ್ಲಿ ಚೌಕವಾಗಿ ಕೊಯ್ದರು. ರೇಷ್ಮೆ ಸೀರೆಗಳ ಮೇಲೆಲ್ಲ ಬಿಳಿ ಧೂಳು. ಕಿಟಕಿಯಿಂದ ಎರಡು ಬೆರಳು ತೂರಿಸಿ ಬೋಗಿಯನ್ನು ಬಿಡಿಸಿದಾಗ ರೈಲು ಗೊರಗೊರ ಎಂದು ಹೊರಬಂತು.

“ಬೆಟ್ಟ ಅಗದು ಇಲಿ ಹಿಡಿಯೂದು ಕೇಳಿದ್ದೆ, ರೈಲು ಹಿಡಿಯೂದು ಇವತ್ತ ನೋಡಿದೆ!” ಎಂದು ಬಸಲಿಂಗವ್ವ ಚಪ್ಪಾಳೆ ತಟ್ಟಿದರು. ಆಮೇಲೆ ಹೆಂಗಸರೆಲ್ಲ ಗೊಂಬೆಗಳಿಗೆ ಬೆನ್ನು ಹಾಕಿ, ಆ ಕಿಟಕಿಯಲ್ಲಿ ಇಣುಕಲು ಸಾಲುಗಟ್ಟಿದರು.

ಎಲ್ಲರೂ ಹೊರಟ ಮೇಲೆ ಸತ್ಯಪ್ರಕಾಶರು ಅಪರಾಧಿಯಂತೆ ಬೆಟ್ಟದ ಮುಂದೆ ಕೂತರು.

“ನಾಳೆ ತೆಗೆದ್ಬಿಡ್ತೀನಿ ಕಣೇ ವೇಣಿ.”

ಕೃಷ್ಣವೇಣಿ ಪಟ್ಟದ ರಾಣಿಯ ಮುಖದ ಧೂಳೊರೆಸಿದರು. ಮಂಡಿ ನೋವೆಂದು ಗೊಣಗುತ್ತಲೇ ಗಂಡನ ಪಕ್ಕದಲ್ಲಿ ನೆಲಕ್ಕೆ ಕೂತು, ಕಿಟಕಿಯಲ್ಲಿ ಇಣುಕಿದರು.

“ತೆಗೀಬೇಡಿ, ಇರ್ಲಿ. ಮುಂದಿನ ವರ್ಷ ಒಂದು ಸೇತುವೆನೂ ಮಾಡೋಣ,” ಎಂದರು. “ಅಳತೆ ಮಾತ್ರ ನಾನೇ ತಗೋತೀನಿ.”